ಡಿಸ್ಕ್ ಅಳಿಸುವ ಟೂಲ್ ಕೈಕೊಟ್ಟಾಗ ಎಲ್ಲೆಲ್ಲಿ ಹುಡುಕಬೇಕು

ಹಳೇ ಕಂಪ್ಯೂಟರ್ ಮಾರುವ ಮುಂಚೆ ಡಿಸ್ಕನ್ನು ಬರೀ ಫಾರ್ಮ್ಯಾಟ್ ಮಾಡಿದರೆ ಸಾಲದು, ಪೂರ್ತಿ ಅಳಿಸಬೇಕು ಅನ್ನುವುದು ಈಗ ಬಹಳ ಜನಕ್ಕೆ ಗೊತ್ತಿದೆ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವ ಲ್ಯಾಪ್‌ಟಾಪ್ ಇರಲಿ, ಆಫೀಸಿನವರು ಒಟ್ಟಿಗೆ ಮಾರಿಬಿಡುವ ಡೆಸ್ಕ್‌ಟಾಪ್‌ಗಳಿರಲಿ, ದಾರಿ ಒಂದೇ. ಪೆನ್‌ಡ್ರೈವ್‌ಗೆ ಡೀಬ್ಯಾನ್ ಅಥವಾ ಶ್ರೆಡ್‌ಓಎಸ್ ಅನ್ನುವ ಡಿಸ್ಕ್ ಅಳಿಸುವ ಟೂಲ್ ಹಾಕಿಕೊಂಡು ಅದರಿಂದ ಬೂಟ್ ಮಾಡುವುದು. ತೊಂದರೆ ಶುರುವಾಗುವುದು ಅಲ್ಲಿಂದ. ಪರದೆ ಕಪ್ಪಾಗಿ ನಿಂತುಬಿಡುತ್ತದೆ. ಇಲ್ಲವೇ ಡಿಸ್ಕೇ ಕಾಣುವುದಿಲ್ಲ. ಇಲ್ಲವೇ ಇನ್ನೂ ಮೂರು ದಿನ ಬೇಕು ಅಂತ ತೋರಿಸುತ್ತದೆ.

ಇವೆಲ್ಲ ಕಣ್ಣಿಗೆ ಬೀಳುವ ತೊಂದರೆಗಳು. ಸ್ವಲ್ಪ ತಾಳ್ಮೆ ಇದ್ದರೆ ಬಗೆಹರಿಯುತ್ತವೆ. ನನಗೆ ಜಾಸ್ತಿ ಭಯ ಇರುವುದು ಟೂಲ್ ‘ಯಶಸ್ವಿ’ ಅಂತ ಹೇಳಿ, ಡೇಟಾ ಮಾತ್ರ ಎಲ್ಲೋ ಹಾಗೇ ಉಳಿದಿರುವ ಮಷಿನ್‌ಗಳ ಬಗ್ಗೆ. ಹಾಗಾಗಿ ಬೂಟ್ ಆಗದ ವಿಷಯವನ್ನು ಬೇಗ ಮುಗಿಸಿ, ಆ ಕಡೆಗೇ ಹೋಗುತ್ತೇನೆ.

ಒಂದು ಮಾತು. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಬೂಟ್ ಆಗುತ್ತಲೇ ಇಲ್ಲ

ಮೊದಲು ಪೆನ್‌ಡ್ರೈವ್ ನೋಡಿ. ಡೌನ್‌ಲೋಡ್ ಮಾಡಿದ ಐಎಸ್‌ಓ ಅಥವಾ ಐಎಂಜಿ ಫೈಲನ್ನು ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚರ್ ಥರದ ಟೂಲ್‌ನಿಂದ ಇಮೇಜ್ ಆಗಿ ಬರೆಯಬೇಕು. ಪೆನ್‌ಡ್ರೈವ್ ತೆರೆದಾಗ ಒಂದೇ ಒಂದು ದೊಡ್ಡ ಐಎಸ್‌ಓ ಫೈಲ್ ಕಾಣುತ್ತಿದ್ದರೆ ಆಗಿರುವುದು ಇದೇ.

ಎರಡನೆಯದು ಟೂಲ್‌ನ ವಯಸ್ಸು. ಡೀಬ್ಯಾನ್‌ನ 2.3.0 ಆವೃತ್ತಿ 2015ರದ್ದು, ಅದೇ ಕೊನೆಯದು. ಮಷಿನ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮಿನಲ್ಲಿ ಎರಡು ಬಗೆ: ಹಳೇ ಕಾಲದ ಬಯಾಸ್, ಅದರ ಜಾಗಕ್ಕೆ ಬಂದ ಯುಇಎಫ್‌ಐ. ಡೀಬ್ಯಾನ್‌ಗೆ ಬಯಾಸ್ ಬೂಟ್ ಮಾತ್ರ ಗೊತ್ತು, ಯುಇಎಫ್‌ಐ ಗೊತ್ತಿಲ್ಲ. 2020ರ ಹೊತ್ತಿಗೆ ಹಳೇ ಬಯಾಸ್ ಬೆಂಬಲ ತೆಗೆಯುತ್ತೇವೆ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು. ಈಚಿನ ಲ್ಯಾಪ್‌ಟಾಪ್‌ಗಳ ಬಯಾಸ್ ಸೆಟಪ್ ಪರದೆಯಲ್ಲಿ ಹಳೇ ರೀತಿ ಬೂಟ್ ಮಾಡಿಸುವ ‘ಲೆಗಸಿ’ ಅಥವಾ ‘ಸಿಎಸ್‌ಎಂ’ ಅನ್ನುವ ಆಯ್ಕೆಯೇ ಇಲ್ಲದಿದ್ದರೆ ಡೀಬ್ಯಾನ್ ಜೊತೆ ಗುದ್ದಾಡಬೇಡಿ. ಶ್ರೆಡ್‌ಓಎಸ್ ಎರಡೂ ರೀತಿಯಲ್ಲಿ ಬೂಟ್ ಆಗುತ್ತದೆ. ಅದರೊಳಗೆ ಕೆಲಸ ಮಾಡುವ ಎನ್‌ವೈಪ್, ಡೀಬ್ಯಾನ್‌ನ ಅಳಿಸುವ ಪ್ರೋಗ್ರಾಮಿನಿಂದಲೇ ಕವಲೊಡೆದದ್ದು, ಪರದೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನನ್ನ ಕೇಳಿದರೆ ಹಳೇ ಮಷಿನ್‌ಗೂ ಶ್ರೆಡ್‌ಓಎಸ್ಸೇ ಸಾಕು.

ಮೂರನೆಯದು ಸೆಕ್ಯೂರ್ ಬೂಟ್, ಅಂದರೆ ಒಪ್ಪಿಗೆಯ ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ. ಸೆಟಪ್‌ಗೆ ಹೋಗಿ ಅದನ್ನು ಆಫ್ ಮಾಡಿ. ಆದರೆ ಆ ಮಷಿನ್‌ನಲ್ಲಿ ನೀವು ಉಳಿಸಿಕೊಳ್ಳುವ ವಿಂಡೋಸ್ ಡಿಸ್ಕ್ ಕೂಡ ಇದ್ದರೆ ಒಂದು ನಿಮಿಷ ತಡೆಯಿರಿ. ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಆಗಿದ್ದರೆ, ಸೆಕ್ಯೂರ್ ಬೂಟ್ ಬದಲಾದ ತಕ್ಷಣ ರಿಕವರಿ ಕೀ ಕೇಳುವ ಸಾಧ್ಯತೆ ಇದೆ. ಆ 48 ಅಂಕಿಯ ಕೀ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಡಿಸ್ಕ್ ಪಟ್ಟಿಯಲ್ಲಿ ಇಲ್ಲ

ಮೊದಲ ಪ್ರಶ್ನೆ: ಬಯಾಸ್ ಸೆಟಪ್‌ನಲ್ಲಿ ಡಿಸ್ಕ್ ಕಾಣುತ್ತದಾ? ಅಲ್ಲೂ ಇಲ್ಲ ಅಂದರೆ ಟೂಲ್ ಬದಲಿಸಿ ಪ್ರಯೋಜನ ಇಲ್ಲ. ಕೇಬಲ್, ಪವರ್ ಕನೆಕ್ಟರ್, ಪೋರ್ಟ್ ಒಂದೊಂದಾಗಿ ಬದಲಿಸಿ ನೋಡಿ. ಎಲ್ಲ ಬದಲಿಸಿದರೂ ಇಲ್ಲ ಅಂದರೆ ಡಿಸ್ಕೇ ಸತ್ತಿದೆ. ಅದರ ವಿಷಯ ಕೊನೆಯಲ್ಲಿದೆ.

ಬಯಾಸ್‌ನಲ್ಲಿ ಕಾಣುತ್ತದೆ, ಟೂಲ್‌ನಲ್ಲಿ ಇಲ್ಲ. ಬಹಳ ಸಲ ಇದಕ್ಕೆ ಕಾರಣ ಸ್ಟೋರೇಜ್ ಮೋಡ್. ಎಷ್ಟೋ ಲ್ಯಾಪ್‌ಟಾಪ್‌ಗಳು ಕಾರ್ಖಾನೆಯಿಂದ ಬರುವಾಗಲೇ ಇಂಟೆಲ್ ಆರ್‌ಎಸ್‌ಟಿ, ವಿಎಂಡಿ ಅಥವಾ ‘ರೇಡ್’ ಮೋಡ್‌ನಲ್ಲಿ ಇರುತ್ತವೆ. ಆಗ ಎನ್‌ವಿಎಂಇ ಡಿಸ್ಕ್ (ಮದರ್‌ಬೋರ್ಡಿಗೇ ಸಿಕ್ಕಿಸುವ ವೇಗದ ಎಸ್‌ಎಸ್‌ಡಿ) ಆ ಕಂಟ್ರೋಲರ್‌ನ ಹಿಂದೆ ಅಡಗಿ ಕೂತುಬಿಡುತ್ತದೆ. ಸೆಟಪ್‌ನಲ್ಲಿ ಅದನ್ನು ಎಎಚ್‌ಸಿಐಗೆ ಬದಲಿಸಿ ಮತ್ತೆ ಬೂಟ್ ಮಾಡಿ. ಹೀಗೆ ಬದಲಿಸಿದರೆ ಅದರಲ್ಲಿದ್ದ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಹೇಗಿದ್ದರೂ ಅಳಿಸುವ ಡಿಸ್ಕ್ ಆದ್ದರಿಂದ ತಲೆಕೆಡಿಸಿಕೊಳ್ಳಬೇಡಿ.

ಡೀಬ್ಯಾನ್‌ನ ಕರ್ನಲ್ ಹಳೆಯದು, ಎನ್‌ವಿಎಂಇಯನ್ನು ಅದರ ಕೈಲಿ ಅಳಿಸಲು ಹೋಗಬೇಡಿ. ಸರ್ವರ್‌ನಿಂದ ತೆಗೆದ ಮಷಿನ್ ಆದರೆ ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸುವ ರೇಡ್ ಕಾರ್ಡ್ ಹಿಂದಿನ ಒಂದೊಂದು ಡಿಸ್ಕೂ ಬೇರೆಯಾಗಿ ಕಾಣುವುದಿಲ್ಲ. ಕಾರ್ಡನ್ನು ಡಿಸ್ಕುಗಳನ್ನು ಒಂದೊಂದಾಗಿ ತೋರಿಸುವ ಎಚ್‌ಬಿಎ ಮೋಡ್‌ಗೆ ಹಾಕಬೇಕು, ಇಲ್ಲವೇ ಡಿಸ್ಕುಗಳನ್ನು ಬಿಚ್ಚಿ ಬೇರೆ ಕಡೆ ಸಿಕ್ಕಿಸಬೇಕು.

ಇಲ್ಲೇ ಮೊದಲ ಮೌನ ಅಪಾಯ ಇದೆ. ಈಚಿನ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 256 ಜಿಬಿ ಎನ್‌ವಿಎಂಇ ಒಂದು, 1 ಟಿಬಿ ಹಾರ್ಡ್ ಡಿಸ್ಕ್ ಒಂದು ಇರುತ್ತವೆ. ಡೀಬ್ಯಾನ್‌ಗೆ ಕಾಣುವುದು 1 ಟಿಬಿ ಮಾತ್ರ. ಅದನ್ನು ಶ್ರದ್ಧೆಯಿಂದ ಅಳಿಸುತ್ತದೆ, ಯಶಸ್ವಿ ಅನ್ನುತ್ತದೆ. ವಿಂಡೋಸ್, ಡೆಸ್ಕ್‌ಟಾಪ್ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಆಧಾರ್ ಪಿಡಿಎಫ್ ಎಲ್ಲ ಇರುವುದು ಮದರ್‌ಬೋರ್ಡ್ ಮೇಲೆ ಚೂಯಿಂಗ್ ಗಮ್ ಪ್ಯಾಕೆಟ್ಟಿನಷ್ಟಿರುವ ಆ ಚಿಕ್ಕ ಪಟ್ಟಿಯಲ್ಲಿ! ಕೆಲವು ಮಷಿನ್‌ಗಳಲ್ಲಿ 16 ಜಿಬಿ ಆಪ್ಟೇನ್ ಮೆಮೊರಿಯೂ ಇರುತ್ತದೆ. ಅದು ಹಾರ್ಡ್ ಡಿಸ್ಕಿನ ಕ್ಯಾಶ್, ಅಂದರೆ ಪದೇಪದೇ ಬೇಕಾಗುವ ಡೇಟಾ ಬೇಗ ಸಿಗಲಿ ಅಂತ ಇಟ್ಟುಕೊಳ್ಳುವ ಜಾಗ, ಅದರಲ್ಲೂ ನಿಮ್ಮ ಫೈಲ್‌ಗಳ ತುಣುಕು ಇರುತ್ತದೆ. ಮುಚ್ಚಳ ತೆಗೆದು, ಒಳಗೆ ಎಷ್ಟು ಸ್ಟೋರೇಜ್ ಇದೆ ಅಂತ ಕಣ್ಣಾರೆ ಎಣಿಸಿ. ಪರದೆಯ ಮೇಲಿನ ಪಟ್ಟಿ ಆ ಎಣಿಕೆಗೆ ಹೊಂದಬೇಕು. ಹೊಂದದಿದ್ದರೆ ಮುಂದೆ ಹೋಗಬೇಡಿ.

ಬೇಡದ ಡಿಸ್ಕ್ ಕೂಡ ಪಟ್ಟಿಯಲ್ಲಿದೆ

ಬೂಟ್ ಮಾಡಿದ ಪೆನ್‌ಡ್ರೈವ್, ಪಕ್ಕದಲ್ಲಿ ಸಿಕ್ಕಿಸಿದ ಬ್ಯಾಕಪ್ ಡಿಸ್ಕ್, ಎಲ್ಲ ಪಟ್ಟಿಯಲ್ಲಿ ಬರಬಹುದು. ಡೀಬ್ಯಾನ್‌ನಲ್ಲಿ ‘ಆಟೋನ್ಯೂಕ್’ ಅಂತ ಹೊಡೆದರೆ ಕಂಡದ್ದನ್ನೆಲ್ಲ ಕೇಳದೇ ಅಳಿಸುತ್ತದೆ. ಆ ಕಮಾಂಡನ್ನು ಮರೆತುಬಿಡಿ. ಡಿಸ್ಕುಗಳಿಗೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ನಂಬಿ ಆರಿಸಬೇಡಿ, ಅವು ಪ್ರತಿ ಬೂಟ್‌ಗೂ ಅದಲುಬದಲಾಗಬಹುದು. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಮತ್ತು ಸೈಜ್ ಹೋಲಿಸಿ ಆರಿಸಿ. ಉಳಿಸಿಕೊಳ್ಳಬೇಕಾದ ಡಿಸ್ಕಿನ ಕೇಬಲ್ ಬಿಚ್ಚಿಟ್ಟರೆ ಇನ್ನೂ ನೆಮ್ಮದಿ.

ಶುರುವಾಯಿತು, ಆದರೆ ವಿಪರೀತ ನಿಧಾನ

ಮೊದಲು ಎಷ್ಟು ಹೊತ್ತು ಸಹಜ ಅಂತ ಲೆಕ್ಕ ಹಾಕಿಕೊಳ್ಳಿ. 1 ಟಿಬಿ ಅಂದರೆ 10 ಲಕ್ಷ ಎಂಬಿ. ಸೆಕೆಂಡಿಗೆ ಸರಾಸರಿ 120 ಎಂಬಿ ಬರೆದರೆ ಒಂದು ಸುತ್ತಿಗೆ, ಅಂದರೆ ಇಡೀ ಡಿಸ್ಕಿನ ಮೇಲೆ ಒಂದು ಸಲ ಬರೆಯಲು, ಸುಮಾರು 2 ಗಂಟೆ 20 ನಿಮಿಷ. ಮೂರು ಸುತ್ತು, ಪ್ರತಿ ಸುತ್ತಿಗೂ ಪರಿಶೀಲನೆ ಅಂದರೆ ಅರ್ಧ ದಿನಕ್ಕೂ ಮೀರುತ್ತದೆ. ಅದೇ ಡಿಸ್ಕನ್ನು ಯುಎಸ್‌ಬಿ 2.0 ಕೇಸ್‌ನಲ್ಲಿ ಹಾಕಿದರೆ ಸೆಕೆಂಡಿಗೆ 35 ಎಂಬಿ ಸಿಕ್ಕರೆ ದೊಡ್ಡದು, ಒಂದೇ ಸುತ್ತಿಗೆ 8 ಗಂಟೆ ಹಿಡಿಯುತ್ತದೆ. ಡಿಸ್ಕ್ ಬಿಚ್ಚಿ ನೇರ ಮದರ್‌ಬೋರ್ಡಿನ ಸಾಟಾ ಪೋರ್ಟ್‌ಗೆ ಕೊಟ್ಟರೆ ಮುಗಿಯಿತು.

ಮುಂದೆ ಹೋಗುತ್ತಾ ವೇಗ ನಿಧಾನಕ್ಕೆ ಇಳಿಯುವುದು ದೋಷ ಅಲ್ಲ. ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆಯ ಹೊರಗಿನ ವೃತ್ತಗಳಲ್ಲಿ ಜಾಸ್ತಿ ಡೇಟಾ ಹಿಡಿಯುತ್ತದೆ, ಒಳಗಿನ ವೃತ್ತಗಳಲ್ಲಿ ಕಡಿಮೆ. 150ರಲ್ಲಿ ಶುರುವಾಗಿ 75ಕ್ಕೆ ಮುಗಿದರೆ ಡಿಸ್ಕ್ ಆರೋಗ್ಯವಾಗೇ ಇದೆ. 90ರಲ್ಲಿ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ 3 ಎಂಬಿಗೆ ಬಿದ್ದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏರಿ, ಮತ್ತೆ ಬಿದ್ದರೆ ಮಾತ್ರ ಮುಂದಿನ ಭಾಗ ಓದಿ.

ಎಷ್ಟು ಸುತ್ತು ಬೇಕು ಅನ್ನುವುದು ಬಹಳ ಜನ ಸುಮ್ನೆ ಸಮಯ ಕಳೆದುಕೊಳ್ಳುವ ಜಾಗ. ಪಟ್ಟಿಯಲ್ಲಿ ‘ಗುಟ್‌ಮನ್’ ಅಂತ 35 ಸುತ್ತಿನ ವಿಧಾನ ಇದೆ. ಅದು ಕಂಪ್ಯೂಟರ್ ಭದ್ರತೆಯ ಸಂಶೋಧಕ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು, ಆ ಕಾಲದ ಮತ್ತು ಅದಕ್ಕೂ ಹಿಂದಿನ ಬೇರೆಬೇರೆ ಡಿಸ್ಕುಗಳಿಗೆ ಅಂತ ಸೇರಿಸಿಟ್ಟ ವಿನ್ಯಾಸಗಳು. ಇವತ್ತಿನ ಡಿಸ್ಕಿಗೆ 35ನ್ನೂ ಓಡಿಸುವುದರಲ್ಲಿ ಅರ್ಥ ಇಲ್ಲ ಅಂತ ಅವರೇ ಆಮೇಲೆ ಹೇಳಿದ್ದಾರೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್‌ನ 800-88 ಮಾರ್ಗಸೂಚಿಯ 2014ರ ಆವೃತ್ತಿ ಕೂಡ ಸಾಮಾನ್ಯ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಸೊನ್ನೆ ಬರೆಯುವುದನ್ನು ಒಪ್ಪುತ್ತದೆ. ಒಂದು ಸುತ್ತು, ಕೊನೆಗೊಂದು ಪರಿಶೀಲನೆ. ಸುತ್ತು ಕಡಿಮೆ ಮಾಡಿ ಉಳಿಸಿದ ಸಮಯವನ್ನು ಪರಿಶೀಲನೆಗೆ ಕೊಡಿ.

ಪರದೆ ಕಪ್ಪಾದರೆ ಗಾಬರಿ ಬೇಡ. ಶಿಫ್ಟ್ ಕೀ ಒಂದು ಸಲ ಒತ್ತಿ ನೋಡಿ. ಕಂಟ್ರೋಲ್-ಸಿ ಮಾತ್ರ ಒತ್ತಬೇಡಿ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ರಾತ್ರಿ ಬಿಟ್ಟು ಮಲಗಬೇಡಿ, ನಡುವೆ ನಿಂತರೆ ಮೊದಲಿಂದ ಶುರು ಮಾಡಬೇಕು.

ಎರರ್ ಬರುತ್ತಿದೆ

ಡೀಬ್ಯಾನ್ ‘ನಾನ್-ಫೇಟಲ್ ಎರರ್ಸ್’ ಜೊತೆ ಮುಗಿಯಿತು ಅಂದರೆ, ಎನ್‌ವೈಪ್ ‘ಐ/ಓ ಎರರ್’ ಅಂದರೆ, ತಪ್ಪು ಡಿಸ್ಕಿನದ್ದೋ ಕೇಬಲ್‌ದೋ ಅಂತ ತೀರ್ಮಾನ ಮಾಡಬೇಕು. ಸಂದೇಶದ ಹೆಸರು ನೋಡಿ ಸಣ್ಣದು ಅಂದುಕೊಳ್ಳಬೇಡಿ. ಕೆಲವು ಸೆಕ್ಟರ್‌ಗಳಿಗೆ (ಡಿಸ್ಕಿನ ಪುಟ್ಟ ತುಂಡುಗಳಿಗೆ) ಬರೆಯಲು ಆಗಲಿಲ್ಲ ಅನ್ನುವುದೇ ಅದರ ಅರ್ಥ ಇರಬಹುದು.

ಶ್ರೆಡ್‌ಓಎಸ್‌ನಲ್ಲಿ ಆಲ್ಟ್-ಎಫ್2 ಒತ್ತಿದರೆ ಕಮಾಂಡ್ ಹೊಡೆಯುವ ಪರದೆ ಬರುತ್ತದೆ. ಆಲ್ಟ್-ಎಫ್1 ಒತ್ತಿದರೆ ವಾಪಸ್ಸು. ಆ ಕಮಾಂಡ್ ಪರದೆಯಲ್ಲಿ ‘ಡಿಎಂಇಎಸ್‌ಜಿ’ ಹೊಡೆದು ಕೊನೆಯ ಸಾಲುಗಳನ್ನು ಓದಿ. ‘ಐಸಿಆರ್‌ಸಿ’ ಅನ್ನುವ ಅಕ್ಷರಗಳು ಕಂಡರೆ ಡೇಟಾ ದಾರಿಯಲ್ಲೇ ಕೆಟ್ಟಿದೆ, ಅಂದರೆ ಕೇಬಲ್ ಅಥವಾ ಪೋರ್ಟ್. ‘ಯುಎನ್‌ಸಿ’ ಕಂಡರೆ ಡಿಸ್ಕಿಗೆ ತನ್ನದೇ ತಟ್ಟೆಯ ಮೇಲಿನ ಸೆಕ್ಟರ್ ಓದಲು ಆಗುತ್ತಿಲ್ಲ.

ನಂತರ ಡಿಸ್ಕಿನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್ -ಎ’ ಹೊಡೆದು ಮುಂದೆ ಡಿಸ್ಕಿನ ಹೆಸರು ಕೊಡಿ. ಉದ್ದದ ಪಟ್ಟಿ ಬರುತ್ತದೆ, ನೋಡಬೇಕಾದ್ದು ಮೂರು ಸಾಲು. 199 ಅನ್ನುವ ನಂಬರಿನ ಸಾಲು ಸಿಆರ್‌ಸಿ ಎರರ್‌ಗಳ, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟ ಸಲಗಳ, ಎಣಿಕೆ. ಹಳೇ ಎಣಿಕೆ ಅಳಿಯುವುದಿಲ್ಲ, ಹಾಗಾಗಿ ಸಂಖ್ಯೆ ಎಷ್ಟಿದೆ ಅನ್ನುವುದಕ್ಕಿಂತ ಈಗ ಏರುತ್ತಿದೆಯಾ ಅನ್ನುವುದು ಮುಖ್ಯ. ಏರುತ್ತಿದ್ದರೆ ಬೇರೆ ಸಾಟಾ ಕೇಬಲ್ ಹಾಕಿ ಶುರು ಮಾಡಿ. ಎಷ್ಟೋ ‘ಸತ್ತ’ ಡಿಸ್ಕುಗಳು ಒಂದು ಹೊಸ ಕೇಬಲ್‌ಗೇ ಎದ್ದು ಕೂರುತ್ತವೆ.

197 ಅಂದರೆ ಓದಲು ತೊಂದರೆ ಕೊಟ್ಟು, ಇನ್ನೂ ತೀರ್ಮಾನವಾಗದೆ ಬಾಕಿ ಇರುವ ಸೆಕ್ಟರ್‌ಗಳು. 5 ಅಂದರೆ ಕೆಟ್ಟದ್ದಕ್ಕೆ ಬದಲಾಗಿ ಮೀಸಲಿನಿಂದ ಕೊಟ್ಟವು. ಒಂದು ಸುತ್ತು ಬರೆದ ಮೇಲೆ 197 ಸೊನ್ನೆಗೆ ಇಳಿದು 5 ಸ್ವಲ್ಪ ಏರಿದರೆ ಡಿಸ್ಕ್ ತನ್ನ ಕೆಲಸ ತಾನು ಮಾಡಿದೆ. ಬರೆದ ಮೇಲೂ 197 ಇಳಿಯದಿದ್ದರೆ, ಏರುತ್ತಲೇ ಇದ್ದರೆ, ಆ ಡಿಸ್ಕನ್ನು ಸಾಫ್ಟ್‌ವೇರ್‌ನಿಂದ ಅಳಿಸಿದೆ ಅಂತ ಯಾರಿಗೂ ಬರೆದುಕೊಡಬೇಡಿ. ಇನ್ನೊಂದು ಸೂಕ್ಷ್ಮ ಇದೆ: ಬದಲಾಯಿಸಿದ ಹಳೇ ಸೆಕ್ಟರ್‌ನ ಜಾಗಕ್ಕೆ ಎನ್‌ವೈಪ್ ಆಮೇಲೆ ಹೋಗಲಾರದು, ಅಲ್ಲಿದ್ದದ್ದು ಅಲ್ಲೇ ಇರುತ್ತದೆ. ಮನೆಯ ಫೋಟೊ ಇದ್ದ ಡಿಸ್ಕಿಗೆ ಇದು ತಲೆನೋವಲ್ಲ. ರೋಗಿಗಳ ಅಥವಾ ಗ್ರಾಹಕರ ದಾಖಲೆ ಇದ್ದ ಡಿಸ್ಕಿಗೆ ಹೌದು.

ಎಸ್‌ಎಸ್‌ಡಿ: ‘ಫ್ರೋಜನ್’ ಅನ್ನುತ್ತಿದೆ

ಎಸ್‌ಎಸ್‌ಡಿ ಮೇಲೆ ಎಷ್ಟು ಸಲ ಬರೆದರೂ ಅದು ಹೊರಗೆ ತೋರಿಸದ ಮೀಸಲು ಜಾಗ ಉಳಿಯುತ್ತದೆ, ಅಲ್ಲಿ ಹಳೇ ಡೇಟಾ ಇರಬಹುದು. ಅದಕ್ಕೆ ಡಿಸ್ಕಿನ ಒಳಗಿನ ಕಮಾಂಡೇ ಬೇಕು. ಸಾಟಾ ಆದರೆ ಎಟಿಎ ಸೆಕ್ಯೂರ್ ಇರೇಸ್, ಎನ್‌ವಿಎಂಇ ಆದರೆ ಫಾರ್ಮ್ಯಾಟ್ (ವಿಂಡೋಸ್‌ನ ಫಾರ್ಮ್ಯಾಟ್ ಅಲ್ಲ, ಡಿಸ್ಕಿನದೇ ಕಮಾಂಡ್) ಅಥವಾ ಸ್ಯಾನಿಟೈಸ್. ಕೆಲವು ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲೇ ಈ ಆಯ್ಕೆ ಇರುತ್ತದೆ, ಮೊದಲು ಅಲ್ಲಿ ಹುಡುಕಿ.

ಇಲ್ಲದಿದ್ದರೆ, ಸಾಟಾ ಎಸ್‌ಎಸ್‌ಡಿಗೆ, ಪೆನ್‌ಡ್ರೈವ್‌ನಿಂದಲೇ ಓಡುವ ಲೈವ್ ಲಿನಕ್ಸ್‌ನಿಂದ ಬೂಟ್ ಮಾಡಿ, ‘ಎಚ್‌ಡಿಪಾರ್ಮ್’ಗೆ ದೊಡ್ಡ ‘-ಐ’ ಕೊಟ್ಟು ಹೊಡೆಯಿರಿ. ಕೊನೆಯಲ್ಲಿ ‘ಸೆಕ್ಯುರಿಟಿ’ ಅಂತ ಒಂದು ಭಾಗ ಬರುತ್ತದೆ. ಅಲ್ಲಿ ‘ನಾಟ್ ಫ್ರೋಜನ್’ ಅಂತ ಇರಬೇಕು. ಬರೀ ‘ಫ್ರೋಜನ್’ ಅಂತಿದ್ದರೆ ಕಮಾಂಡ್ ನಡೆಯುವುದಿಲ್ಲ. ಇದು ಡಿಸ್ಕಿನ ದೋಷ ಅಲ್ಲ. ವೈರಸ್ ಬಂದು ಡಿಸ್ಕಿಗೆ ಪಾಸ್‌ವರ್ಡ್ ಹಾಕಿಬಿಡಬಾರದು ಅಂತ ಬಯಾಸೇ ಬೂಟ್ ಆಗುವಾಗ ಬೀಗ ಹಾಕಿರುತ್ತದೆ. ಬಿಡಿಸುವ ದಾರಿ ವಿಚಿತ್ರ ಅನ್ನಿಸುತ್ತದೆ: ಮಷಿನ್‌ಗೆ ಸ್ಲೀಪ್ ಕೊಟ್ಟು, ಕೆಲವು ಸೆಕೆಂಡ್ ಬಿಟ್ಟು ಎಬ್ಬಿಸಿ. ಬಹಳಷ್ಟು ಮಷಿನ್‌ಗಳಲ್ಲಿ ಎದ್ದ ಮೇಲೆ ಬೀಗ ಇರುವುದಿಲ್ಲ.

ಆಮೇಲೆ ‘ಸೆಕ್ಯುರಿಟಿ-ಸೆಟ್-ಪಾಸ್’ ಆಯ್ಕೆಯಿಂದ ತಾತ್ಕಾಲಿಕ ಪಾಸ್‌ವರ್ಡ್ ಹಾಕಿ, ‘ಸೆಕ್ಯುರಿಟಿ-ಇರೇಸ್’ ಕೊಡಬೇಕು. ಪಾಸ್‌ವರ್ಡ್ ಒಂದೇ ಅಕ್ಷರ ಇದ್ದರೂ ಸಾಕು, ಖಾಲಿ ಬಿಡಬೇಡಿ, ಕಾಗದದ ಮೇಲೆ ಬರೆದಿಡಿ. ನಡುವೆ ಕರೆಂಟ್ ಹೋದರೆ ಡಿಸ್ಕ್ ‘ಲಾಕ್ಡ್’ ಆಗಿ ನಿಲ್ಲುತ್ತದೆ. ಹೆದರಬೇಡಿ, ಅದೇ ಪಾಸ್‌ವರ್ಡ್‌ನಿಂದ ಅದೇ ಇರೇಸ್ ಮತ್ತೆ ಕೊಟ್ಟರೆ ಬಿಚ್ಚಿಕೊಳ್ಳುತ್ತದೆ. ಯುಎಸ್‌ಬಿ ಕೇಸ್‌ನಲ್ಲಿಟ್ಟು ಇದನ್ನು ಮಾಡಲು ಹೋಗಬೇಡಿ. ಎಷ್ಟೋ ಕೇಸ್‌ಗಳ ಚಿಪ್ ಈ ಕಮಾಂಡ್‌ಗಳನ್ನು ಡಿಸ್ಕಿಗೆ ದಾಟಿಸುವುದೇ ಇಲ್ಲ.

ಮುಗಿಯಿತು ಅಂದಿದೆ, ನಂಬಬಹುದಾ?

ಹಾರ್ಡ್ ಡಿಸ್ಕಿನಲ್ಲಿ ಮೊದಲು ಎಚ್‌ಪಿಎ ನೋಡಿ. ಡಿಸ್ಕಿನ ಕೊನೆಯಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ ಕಾಣದ ಹಾಗೆ ಬಚ್ಚಿಟ್ಟ ಜಾಗ ಅದು. ‘ಎಚ್‌ಡಿಪಾರ್ಮ್’ಗೆ ದೊಡ್ಡ ‘-ಎನ್’ ಕೊಟ್ಟರೆ ನಡುವೆ ಗೆರೆ ಇರುವ ಎರಡು ಸಂಖ್ಯೆ ಬರುತ್ತವೆ. ಮಾಮೂಲಿ 1 ಟಿಬಿ ಡಿಸ್ಕಿನಲ್ಲಿ ಎರಡೂ 1953525168 ಇರಬೇಕು. ಎಡಗಡೆ 1953523055 ಅಂತ ಬಂದರೆ 2113 ಸೆಕ್ಟರ್ ಕಾಣೆಯಾಗಿವೆ. ಅಂದರೆ ಸುಮಾರು 1 ಎಂಬಿ. ಕೆಲವು ಮದರ್‌ಬೋರ್ಡ್‌ಗಳು ತಮ್ಮ ಬಯಾಸ್‌ನ ನಕಲನ್ನು ಹೀಗೆ ಡಿಸ್ಕಿನ ತುದಿಯಲ್ಲಿ ಇಡುತ್ತವೆ, ಅದರಲ್ಲಿ ನಿಮ್ಮದೇನೂ ಇರುವುದಿಲ್ಲ. ವ್ಯತ್ಯಾಸ ಹತ್ತಾರು ಜಿಬಿ ಇದ್ದರೆ ಅದು ಬೇರೆ ವಿಷಯ. ಅದೇ ‘-ಎನ್’ ಆಯ್ಕೆಗೆ ‘ಪಿ’ ಅಕ್ಷರ, ಅದಕ್ಕೆ ಅಂಟಿಕೊಂಡ ಹಾಗೆ ಬಲಗಡೆಯ ಸಂಖ್ಯೆ ಕೊಟ್ಟು, ಮಷಿನ್ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಮತ್ತೆ ಅಳಿಸಿ. ಹೊಸ ಎನ್‌ವೈಪ್ ಆವೃತ್ತಿಗಳು ಅಡಗಿದ ಸೆಕ್ಟರ್ ಇದ್ದರೆ ತಾವೇ ಎಚ್ಚರಿಸುತ್ತವೆ.

ನಂತರ ಕಣ್ಣಿನಿಂದ ಪರೀಕ್ಷೆ. ಸೊನ್ನೆ ಬರೆದ ಡಿಸ್ಕಿನ ಮೇಲೆ, ಅದರಲ್ಲಿರುವುದನ್ನು ಹಾಗೇ ಅಂಕಿಗಳಲ್ಲಿ ತೋರಿಸುವ ‘ಹೆಕ್ಸ್‌ಡಂಪ್’ ಓಡಿಸಿ. ಮೊದಲ ಸಾಲಿನಲ್ಲಿ ಸೊನ್ನೆಗಳು, ಕೆಳಗೆ ಒಂದು ನಕ್ಷತ್ರ ಚಿಹ್ನೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ನಕ್ಷತ್ರ ಅಂದರೆ ‘ಮೇಲಿನ ಸಾಲೇ ಮುಂದುವರಿದಿದೆ’ ಅಂತ. ಕೊನೆಯಲ್ಲಿ ಡಿಸ್ಕಿನ ಅಂತ್ಯದ ವಿಳಾಸ ಒಂದೇ ಬಂದು ನಿಂತರೆ ಇಡೀ ಡಿಸ್ಕ್ ಸೊನ್ನೆ. ನಡುವೆ ಎಲ್ಲಾದರೂ ಅಕ್ಷರ, ಅಂಕಿಗಳ ಸಾಲು ಬಂದರೆ ಅಲ್ಲಿ ಏನೋ ಉಳಿದಿದೆ. ಕೊನೆಯ ಸುತ್ತಿನಲ್ಲಿ ಸೊನ್ನೆ ಬರೆಸದೆ ಬೇಕಾಬಿಟ್ಟಿ ಅಂಕಿಗಳನ್ನು ಬರೆಸಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ.

ಎಸ್‌ಎಸ್‌ಡಿಗೆ ಈ ಪರೀಕ್ಷೆ ಸಾಲದು. ಅಲ್ಲಿ ಸೊನ್ನೆ ಕಂಡರೆ ಎಸ್‌ಎಸ್‌ಡಿಯನ್ನು ನಡೆಸುವ ಕಂಟ್ರೋಲರ್ ಚಿಪ್ ಸೊನ್ನೆ ಅಂತ ಹೇಳುತ್ತಿದೆ ಅಂತ ಮಾತ್ರ ಅರ್ಥ, ಮೆಮೊರಿ ಚಿಪ್ ಒಳಗೆ ಏನಿದೆ ಅಂತಲ್ಲ. ಕಂಟ್ರೋಲರ್ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ಎಸ್‌ಎಸ್‌ಡಿಗಳ ಚಿಪ್‌ಗಳನ್ನೇ ನೇರವಾಗಿ ಓದಿ 2011ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಅವುಗಳಲ್ಲಿ ಒಂದು, ಅಳಿಸಿದೆ ಅಂತ ವರದಿ ಕೊಟ್ಟು ಎಲ್ಲ ಡೇಟಾವನ್ನೂ ಹಾಗೇ ಇಟ್ಟುಕೊಂಡಿತ್ತು. ಆ ಕಾಲದ ಡಿಸ್ಕುಗಳು ಈಗ ಇಲ್ಲ, ನಿಜ. ಆದರೂ ನಾನು ಎಸ್‌ಎಸ್‌ಡಿಗೆ ಎರಡೂ ಮಾಡುತ್ತೇನೆ: ಮೊದಲು ಒಂದು ಸುತ್ತು ಪೂರ್ತಿ ಬರೆಯುವುದು, ಆಮೇಲೆ ಒಳಗಿನ ಇರೇಸ್ ಕಮಾಂಡ್. ಮೊದಲ ದಿನದಿಂದಲೇ ಬಿಟ್‌ಲಾಕರ್ ಆನ್ ಇದ್ದ ಡಿಸ್ಕ್ ಆದರೆ ಇನ್ನೂ ನಿಶ್ಚಿಂತೆ, ಮೂಲೆಯಲ್ಲಿ ಉಳಿದ ತುಣುಕು ಸಿಕ್ಕರೂ ಅದು ಓದಲು ಬರುವುದಿಲ್ಲ.

ಯಾವುದಕ್ಕೂ ಬಗ್ಗದ ಡಿಸ್ಕ್

ಬಯಾಸ್‌ಗೇ ಕಾಣದ, ಬರೆಯಲು ಬಿಡದ, ಟಕ್ ಟಕ್ ಅನ್ನುವ ಡಿಸ್ಕಿಗೆ ಡ್ರಿಲ್ಲೇ ಗತಿ. 3.5 ಇಂಚಿನ ಡಿಸ್ಕಿನ ತಟ್ಟೆಗಳು ಹೆಚ್ಚಾಗಿ ಅಲ್ಯೂಮಿನಿಯಂ, ಹಲವು ಕಡೆ ತೂತು ಕೊರೆಯಿರಿ. ಲ್ಯಾಪ್‌ಟಾಪಿನ 2.5 ಇಂಚಿನವು ಸಾಮಾನ್ಯವಾಗಿ ಗಾಜಿನವು, ಪುಡಿಪುಡಿಯಾಗಿ ಸಿಡಿಯುತ್ತವೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಎಸ್‌ಎಸ್‌ಡಿಯಲ್ಲಿ ಮಧ್ಯಕ್ಕೆ ಒಂದು ತೂತು ಕೊರೆದರೆ ಅದು ಖಾಲಿ ಬೋರ್ಡಿಗೇ ಬೀಳಬಹುದು. ಕೇಸ್ ಬಿಚ್ಚಿ, ಬೋರ್ಡಿನ ಎರಡೂ ಬದಿ ನೋಡಿ, ಪ್ರತಿ ಮೆಮೊರಿ ಚಿಪ್ಪನ್ನೂ ಒಡೆಯಬೇಕು. ಅಯಸ್ಕಾಂತ ಎಸ್‌ಎಸ್‌ಡಿಗೆ ಏನೂ ಮಾಡುವುದಿಲ್ಲ.

ಉಳಿದ ಚೂರುಗಳನ್ನು ಗುಜರಿಗೆ ಹಾಕಬೇಡಿ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವು ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಆಫೀಸಿನ ಡಿಸ್ಕುಗಳಾದರೆ ಪ್ರತಿಯೊಂದರ ಸೀರಿಯಲ್ ನಂಬರ್ ನಮೂದಿಸಿದ ರಸೀದಿ ಕೇಳಿ ಪಡೆಯಿರಿ. ‘50 ಡಿಸ್ಕ್ ತಗೊಂಡಿದ್ದೇವೆ’ ಅಂತ ಒಂದು ಸಾಲು ಬರೆದುಕೊಟ್ಟರೆ ಒಪ್ಪಬೇಡಿ.